ಬಲಗಡೆಯ ಶಾಕಪ್

ಗಬ್ಬೂರಿನ ಹತ್ತಿರ ರಸ್ತೆಗೆ ಅಡ್ಡ ಹಾಕಿದ ಒಂದು ಉಬ್ಬು ಇದೆ. ಅದಕ್ಕೆ ಬಣ್ಣವಿಲ್ಲ, ಮುಂಚೆ ಬೋರ್ಡೂ ಇಲ್ಲ. ರಾಯಚೂರಿನಲ್ಲಿ ಅವ್ವನ ಮೊಣಕಾಲು ತೋರಿಸಿಕೊಂಡು ದೇವದುರ್ಗಕ್ಕೆ ಹೊರಳಿ ಬರುತ್ತಿದ್ದ ಒಂದು ಮಧ್ಯಾಹ್ನ ನನ್ನ ಬೈಕಿನ ಮುಂಭಾಗ ಆ ಉಬ್ಬಿನ ಮೇಲೆ ದಡ್ ಎಂದು ಕೂತಿತು. ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತಿದ್ದ ಅವ್ವ ನನ್ನ ಬೆನ್ನಿಗೆ ಬಡಿದು, ಅಲ್ಲಿಂದ ಜಾರಿ, ರಸ್ತೆ ಪಕ್ಕದ ಮಣ್ಣಿಗೆ ಬಿದ್ದಳು. ಬಿದ್ದಳು ಎಂದು ನಾನು ಬರೆಯುತ್ತಿದ್ದೇನೆ. ಅವಳು ಮಾತ್ರ ಇವತ್ತಿಗೂ "ಕುಂತೆ" ಎಂದೇ ಹೇಳುತ್ತಾಳೆ.

ಎತ್ತಿ ನಿಲ್ಲಿಸಿದೆ. ಸೀರೆಯ ಮಣ್ಣು ಝಾಡಿಸಿಕೊಂಡು, ಗಾಡಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

"ಇನ್ನ ನಾ ಇದನ್ನ ಹತ್ತಂಗಿಲ್ಲ ಯಪ್ಪಾ. ನೀ ಹೋಗು. ನಾ ಬಸ್ಸಿಗೆ ಬರ್ತೀನಿ."

ಮೊಣಕಾಲು ಮಡಚಲಾರದವಳು ಬಸ್ಸಿನ ಮೆಟ್ಟಿಲು ಹೇಗೆ ಹತ್ತುತ್ತಾಳೆ ಎಂಬುದನ್ನು ಅರ್ಧ ತಾಸಿನ ಮೇಲೆ ಅಲ್ಲೇ ನಿಂತು ನೋಡಿದೆ. ಕೈಚೀಲವನ್ನು ಮೊದಲು ಒಳಗೆ ಒಗೆದಳು. ಎರಡೂ ಕೈಯಿಂದ ಕಂಬಿ ಹಿಡಿದು, ಒಳ್ಳೆಯ ಕಾಲನ್ನು ಮೇಲಿಟ್ಟು, ಕೆಟ್ಟ ಕಾಲನ್ನು ಕೈಯಿಂದಲೇ ಎತ್ತಿಕೊಂಡಳು. "ಜಲ್ದಿ ಹತ್ತಬೇ ಮುದುಕಿ" ಎಂದು ಒಳಗಿಂದ ಯಾರೋ ಅಂದರು. ನಾನು ಬಸ್ಸಿನ ಹಿಂದೆಯೇ ಖಾಲಿ ಗಾಡಿ ಓಡಿಸಿಕೊಂಡು ಬಂದೆ. ಅಷ್ಟು ಉದ್ದದ ದಾರಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅವ್ವ ಅಮಾವಾಸ್ಯೆಗೆ ಅಮಾವಾಸ್ಯೆಗೆ ದೇವಸುಗೂರಿಗೆ ಹೋಗುವವಳು. ನಾನು ನೌಕರಿಗೆ ಸೇರಿ ಗಾಡಿ ತಂದ ದಿನ ಅದರ ಸೀಟು ಸವರಿ, "ಇನ್ನ ಸುಗೂರಪ್ಪನ ಗುಡಿತನ ಮಗನ ಹಿಂದ ಕುಂತು ಹೋಗ್ತೀನಿ, ಯಾರ ಕಾಲೂ ತುಳಿಯೂದಿಲ್ಲ, ಯಾರ ಕೂಡ ಜಗಳಾನೂ ಇಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದಳು. ಅಂಥವಳು ಈಗ ನನ್ನ ಗಾಡಿ ಹತ್ತುವುದಿಲ್ಲ ಎಂದಿದ್ದಳು. ಮುಂದಿನ ಅಮಾವಾಸ್ಯೆಯೊಳಗೆ ಅದನ್ನು ರಿಪೇರಿ ಮಾಡಿ ಅವಳನ್ನು ಮತ್ತೆ ಹಿಂದೆ ಕೂರಿಸಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅದನ್ನು ನನ್ನ ಕೈಯಿಂದಲೇ ಮಾಡಬೇಕು ಎಂಬ ಹಟವೂ ಇತ್ತು. ನಮ್ಮದು ಕುರಿ ಕಾಯ್ದ ಮನೆತನ. ನಮ್ಮಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು. ಬಿಎಸ್ಸಿ, ಅದರಲ್ಲೂ ರಸಾಯನಶಾಸ್ತ್ರ. ಈಗ ಜಾಲಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆದರೆ ಅಪ್ಪನಿಗೆ ಒಂದು ಮಾತು ಬಾಯಿಪಾಠವಾಗಿದೆ. ಮನೆಯಲ್ಲಿ ಬಲ್ಬು ಹೋಗಲಿ, ನಲ್ಲಿ ಸೋರಲಿ, ಅದನ್ನೇ ಹೇಳುತ್ತಾನೆ: "ಓದಿದ ಕೈ ಕುರಿ ಮೈಯಾಗಿನ ಉಣ್ಣೀನೂ ಕೀಳಂಗಿಲ್ಲ." ಉಣ್ಣಿ ಎಂದರೆ ಉಣ್ಣೆಯ ಬುಡದಲ್ಲಿ ಕಚ್ಚಿಕೊಂಡು ರಕ್ತ ಹೀರುವ ಹುಳು. ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದಲೇ ಹುಡುಕಬೇಕು. ನನಗೆ ಅದು ಎಂದೂ ಸಿಕ್ಕಿದ್ದಿಲ್ಲ.

ಮರುದಿನ ಭಾನುವಾರ ಅಂಗಳದಲ್ಲಿ ಗಾಡಿ ನಿಲ್ಲಿಸಿ ನೋಡಿದೆ. ಮುಂದಿನ ಚಕ್ರದ ಆಚೆ ಈಚೆ ಕುಲುಕು ತಡೆಯುವ ಎರಡು ಶಾಕಪ್. ಒಂದೊಂದರಲ್ಲೂ ಹೊಳೆಯುವ ಪೈಪು ಕೆಳಗಿನ ದಪ್ಪ ಕೊಳವೆಯೊಳಗೆ ಇಳಿದು ಏಳುತ್ತದೆ. ಒಳಗೆ ಸ್ಪ್ರಿಂಗು, ಎಣ್ಣೆ. ಎಣ್ಣೆ ಹೊರಗೆ ಬಾರದಂತೆ ಕೊಳವೆಯ ಬಾಯಿಗೆ ಒಂದು ರಬ್ಬರಿನ ಸೀಲು, ಅದರ ಮೇಲೆ ಧೂಳು ತಡೆಯುವ ಟೊಪ್ಪಿಗೆ. ಎಡಗಡೆಯದು ಒಣಗಿತ್ತು. ಬಲಗಡೆಯದರ ತುಂಬ ಎಣ್ಣೆ, ಎಣ್ಣೆಯ ಮೇಲೆ ಕೆಂಪು ಧೂಳು. ಸೀಲು ಹೋಗಿದೆ, ಎಣ್ಣೆ ಖಾಲಿಯಾಗಿದೆ, ಆದ್ದರಿಂದ ಕೂತಿದೆ. ಕಾರಣ ಸಿಕ್ಕಿತು ಎಂದು ಅಂದುಕೊಂಡೆ. ಆ ಖುಷಿ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹೆಡ್‌ಲೈಟಿನ ಕೆಳಗೆ, ಬಲಗಡೆಯ ಪೈಪಿಗೆ, ಅವ್ವ ಕಟ್ಟಿದ ನಿಂಬೆಹಣ್ಣು ಇತ್ತು. ಪ್ರತಿ ಅಮಾವಾಸ್ಯೆಗೆ ಹಳೆಯದನ್ನು ತೆಗೆದು, ದಬ್ಬಳದಿಂದ ಹೊಸದನ್ನು ಚುಚ್ಚಿ, ಮೇಲೊಂದು ಕೆಳಗೊಂದು ಹಸಿಮೆಣಸಿನಕಾಯಿ ಪೋಣಿಸಿ ಕರಿ ದಾರದಲ್ಲಿ ಕಟ್ಟುತ್ತಾಳೆ. ಶುಭಕ್ಕೆ ಬಲಗಡೆಯೇ ಆಗಬೇಕು. ದೃಷ್ಟಿಯ ವಸ್ತು ನೆಲಕ್ಕೆ ತಾಗಬಾರದೆಂದು ನಾನು ಅದನ್ನು ಹುಷಾರಾಗಿ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟೆ. ಆಮೇಲೆ ಬೋಲ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡೆ.

ಇಂಜಿನ್ನಿನ ಕೆಳಗೆ ಒಂದು ಕಲ್ಲು ಕೊಟ್ಟು ಚಕ್ರ ಬಿಚ್ಚಿದೆ, ಮಡ್‌ಗಾರ್ಡ್ ಬಿಚ್ಚಿದೆ. ಶಾಕಪ್ಪು ಎರಡನ್ನೂ ಕೆಳಗೆ ಎಳೆದುಕೊಂಡೆ. ಮೇಲಿನ ಬೋಲ್ಟು ತೆಗೆದು ಸ್ಪ್ರಿಂಗು ಹೊರಗಿಟ್ಟು, ಉಳಿದ ಎಣ್ಣೆ ಡಬ್ಬಿಗೆ ಸುರಿದೆ. ಬಲಗಡೆಯದರಿಂದ ಬಂದದ್ದು ಚಹಾದ ಸಾಸರಿಗೂ ಸಾಲದಷ್ಟು ಕರಿ ನೀರು. ಇಲ್ಲಿಯವರೆಗೆ ಸುಲಭ. ಕೊಳವೆಯ ತಳದಲ್ಲಿ ಒಂದು ಬೋಲ್ಟಿದೆ, ಆರು ಮೂಲೆಯ ಕೀಲಿ ಹಾಕಿ ತಿರುಗಿಸಬೇಕು. ಅದನ್ನು ತಿರುಗಿಸಿದರೆ ಒಳಗಿನ ಕಡ್ಡಿಯೂ ಜೊತೆಗೇ ತಿರುಗುತ್ತದೆ. ಬೋಲ್ಟು ಸುತ್ತುತ್ತದೆ, ಬಿಚ್ಚುವುದಿಲ್ಲ. ಒಂದು ತಾಸು ಸುತ್ತಿದೆ. ಕೈಗೆ ಬೊಬ್ಬೆ ಬಂತು.

ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅಪ್ಪ ಕೊನೆಗೆ ಕೇಳಿದ. "ಮಾಸ್ತರ, ಅದು ತಿರಗಾಕತ್ತದ, ಬಿಚ್ಚವಲ್ದು, ಹೌದಲ್ಲ?"

"ಒಳಗಿನ ಕಡ್ಡಿ ಸುತ್ತಾಕತ್ತದ."

"ಮತ್ತ ಅದನ್ನ ಹಿಡಿ."

"ಒಳಗ ಕೈ ಹೋಗಂಗಿಲ್ಲಪ್ಪಾ."

"ಹೊರಗಿಂದ ಒತ್ತಿ ಹಿಡೀಬೇಕಲೇ. ಟಗರಿನ ಕೂದಲ ಕತ್ತರಿಸುವಾಗ ಏನು ಅದರ ಒಳಗ ಕೈ ಹಾಕ್ತೀವೇನು?"

ಸ್ಪ್ರಿಂಗನ್ನು ಮತ್ತೆ ಒಳಗೆ ಹಾಕಿಸಿದ. ಶಾಕಪ್ಪನ್ನು ಎರಡು ಮೊಣಕಾಲ ನಡುವೆ ಟಗರು ಹಿಡಿದಂತೆ ಅದುಮಿ, ತುದಿಯನ್ನು ಎದೆಗೆ ಕೊಟ್ಟು ಮೈಭಾರವನ್ನೆಲ್ಲ ಹಾಕಿದ. ಸ್ಪ್ರಿಂಗು ಒಳಗಿನ ಕಡ್ಡಿಯನ್ನು ಒತ್ತಿ ಹಿಡಿಯಿತು. ನಾನು ಕೀಲಿ ತಿರುಗಿಸಿದೆ. ಟಕ್ ಎಂದು ಬಿಟ್ಟುಕೊಂಡಿತು. ಅಪ್ಪ ಎದ್ದ. ಪಂಚೆಗೆ ಹತ್ತಿದ ಎಣ್ಣೆ ನೋಡಿಕೊಂಡು ಕಟ್ಟೆಗೆ ಹೋಗಿ ಕೂತ.

ಮರುದಿನ ಬಸ್ಸಿಗೆ ಹೋಗಿ ರಾಯಚೂರಿನಿಂದ ಹೊಸ ಸೀಲಿನ ಜೋಡಿ ತಂದು, ಎಣ್ಣೆ ಸವರಿ ಎರಡೂ ಕಡೆ ಕೂರಿಸಿದೆ. ಹಳೆಯ ಸೀಲನ್ನು ಒಂದೊಂದರ ಮೇಲೂ ಇಟ್ಟು ಪ್ಲಾಸ್ಟಿಕ್ ಪೈಪಿನ ತುಂಡಿನಿಂದ ಸುತ್ತಲೂ ಮೆಲ್ಲಗೆ ಬಡಿದೆ. ಹೊಸ ಎಣ್ಣೆಯನ್ನು ಅಳೆಯುವ ಗಾಜಿನ ಜಾಡಿಯಲ್ಲಿ ಅಳೆದು ಹಾಕಿದೆ, ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಲ್ಲ ಜೋಡಿಸಿ ಗಾಡಿ ಒತ್ತಿ ನೋಡಿದೆ. ಮೆತ್ತಗೆ ಇಳಿದು ಮೆತ್ತಗೆ ಎದ್ದಿತು. ಗೂಡಿನಲ್ಲಿದ್ದ ನಿಂಬೆಹಣ್ಣನ್ನು ತಂದು ಇದ್ದ ಜಾಗಕ್ಕೇ ಕಟ್ಟಿದೆ.

ಮೂರು ವಾರಕ್ಕೆ ಬಲಗಡೆಯದು ಮತ್ತೆ ಸೋರಿತು.

ಆ ಅಮಾವಾಸ್ಯೆಗೆ ಅವ್ವ ಬಸ್ಸಿನಲ್ಲೇ ಹೋಗಿ ಬಂದಳು. ಬೆಳಗ್ಗೆ ಹೋಗುವ ಮುಂಚೆ ಗಾಡಿಗೆ ಪೂಜೆ ಮಾಡಿ, ಈ ಸಲ ಒಂದರ ಬದಲು ಎರಡು ನಿಂಬೆಹಣ್ಣು ಕಟ್ಟಿದಳು. "ಒಂದು ಸಾಲವಲ್ದು ಇದಕ್ಕ" ಎಂದಳು.

ಎರಡನೆಯ ಸಲ ಸೀಲು ಬದಲಾಯಿಸಿದೆ. ಅಪ್ಪ ಮತ್ತೆ ಟಗರು ಹಿಡಿದ. ತಿಂಗಳೊಳಗೆ ಮತ್ತೆ ಸೋರಿತು, ಮತ್ತೆ ಬಲಗಡೆಯದೇ. ಆಗ ನಾನು ಸಿದ್ಧಾಂತಗಳನ್ನು ಕಟ್ಟಲು ಶುರುಮಾಡಿದೆ. ನಾವು ರಸ್ತೆಯ ಎಡಗಡೆ ಓಡಿಸುತ್ತೇವೆ, ರಸ್ತೆ ಎಡಕ್ಕೆ ಇಳಿಜಾರು, ಆದ್ದರಿಂದ ಬಲಗಡೆಯ ಸೀಲಿಗೆ ಓರೆ ಒತ್ತಡ ಬೀಳುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಬಾಣ ಹಾಕಿದೆ. ಹಾಗಾದರೆ ಊರಿನ ಎಲ್ಲ ಗಾಡಿಗಳೂ ಬಲಗಡೆಯೇ ಸೋರಬೇಕಿತ್ತು. ಶಾಲೆಯ ಮುಂದೆ ನಿಂತ ಗಾಡಿಗಳನ್ನೆಲ್ಲ ಬಗ್ಗಿ ನೋಡಿದೆ. ಒಂದೂ ಸೋರುತ್ತಿರಲಿಲ್ಲ. ಆ ಹಾಳೆ ಹರಿದು ಹಾಕಿದೆ.

ರಾಯಚೂರಿನ ಬಿಡಿಭಾಗದ ಅಂಗಡಿಯವನು ಮೂರನೆಯ ಸಲ ಸೀಲು ಕೊಡುವಾಗ, "ಏನ್ ಸರ್, ನಿಮ್ಮ ಗಾಡಿ ಪೆಟ್ರೋಲ್ ಬಿಟ್ಟು ಸೀಲ್ ತಿನ್ನಾಕತ್ತದೇನ್ರಿ?" ಎಂದ. ನಗು ಬರಲಿಲ್ಲ. ಮಾಲು ಸರಿಯಿಲ್ಲ ಎಂದು ಅವನ ಮೇಲೆಯೇ ರೇಗಿದೆ.

"ಮಾಲು ಖೊಟ್ಟಿ ಇದ್ರ ಎಡಗಡೀದು ಯಾಕ ತಡದದ ಸರ್? ಎರಡೂ ಒಂದ ಡಬ್ಬಿಯವ."

ದುಡ್ಡು ಎಣಿಸಿಟ್ಟು ಬಂದೆ. ಮೂರನೆಯದನ್ನೂ ಹಾಕಿದೆ. ನಿಂಬೆಹಣ್ಣು ಬಿಚ್ಚಿ ಗೂಡಿನಲ್ಲಿಟ್ಟೆ, ಕೆಲಸ ಮುಗಿದ ಮೇಲೆ ಮತ್ತೆ ಕಟ್ಟಿದೆ. ಹದಿನೈದು ದಿನಕ್ಕೆ ಪೈಪಿನ ಮೇಲೆ ಎಣ್ಣೆಯ ಉಂಗುರ ಮೂಡಿತು. ಅಂದು ಪಾನಾವನ್ನು ಅಂಗಳದ ಆ ತುದಿಗೆ ಎಸೆದೆ. ಅದು ನೀರಿನ ಕೊಡಕ್ಕೆ ಬಡಿದು ಕೊಡ ಸೊಟ್ಟಾಯಿತು. ಅವ್ವ ಕೊಡ ಎತ್ತಿಕೊಂಡು, "ಇದನ್ನೂ ರಿಪೇರಿ ಮಾಡಪ್ಪಾ" ಎಂದು ಒಳಗೆ ಹೋದಳು.

ಸೋತು ಮಾನ್ವಿಗೆ ಹೋದೆ. ದೇವದುರ್ಗದಲ್ಲಿ ಗ್ಯಾರೇಜು ಇಲ್ಲವೆಂದಲ್ಲ. ಅಲ್ಲಿಗೆ ನನ್ನ ಶಾಲೆಯ ಮಕ್ಕಳ ತಂದೆಯರು ಬರುತ್ತಾರೆ, ಮಾಸ್ತರ ಕೈಲಾಗದೆ ತಂದಿದ್ದಾನೆ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಈ ಮಾನಕ್ಕಾಗಿ ನಾನು ಸೋರುವ ಶಾಕಪ್ಪಿನ ಮೇಲೆ ಮಾನ್ವಿಯವರೆಗೆ ಪ್ರತಿ ಗುಂಡಿಯನ್ನೂ ಕೈಯಲ್ಲಿ ಎಣಿಸುತ್ತ ಹೋದೆ. ಒಂದು ರೈಸ್ ಮಿಲ್ಲಿನ ಗೋಡೆಗೆ ಹತ್ತಿಕೊಂಡು ತಗಡಿನ ಗ್ಯಾರೇಜು. ಭತ್ತದ ಹೊಟ್ಟಿನ ಧೂಳು ಎಲ್ಲದರ ಮೇಲೂ ಕೂತಿತ್ತು. ವಯಸ್ಸಾದ ಮೆಕ್ಯಾನಿಕ್ ಒಬ್ಬ ಸ್ಟೂಲಿನ ಮೇಲೆ ಕೂತಿದ್ದ. ನಾನು ಮಾಸ್ತರ ಎಂಬುದರಿಂದ ಹಿಡಿದು ಮೂರು ಸಲ ಸೀಲು ಹಾಕಿದ ಕಥೆಯನ್ನೆಲ್ಲ ಹೇಳಿದೆ, ಎಣ್ಣೆ ಅಳೆದದ್ದನ್ನೂ ಬಿಡದೆ.

ಅವನು ಪೂರ್ತಿ ಕೇಳಿಸಿಕೊಂಡ. ನಿಂಬೆಹಣ್ಣುಗಳನ್ನು ಒಂದು ಬೆರಳಿನಿಂದ ಬದಿಗೆ ಸರಿಸಿ, ಪೈಪನ್ನು ಅರಿವೆಯಿಂದ ಒರೆಸಿ, ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಗೆ ಎಳೆದ.

"ಸರ್, ಉಗುರು ಹಚ್ಚಿ ನೋಡ್ರಿ."

ಹಚ್ಚಿದೆ. ಕರ್ ಎಂದಿತು. ಕಣ್ಣಿಗೆ ಹೊಳಪಾಗಿಯೇ ಕಾಣುವ ಪೈಪಿನಲ್ಲಿ, ಸೀಲಿನಿಂದ ನಾಲ್ಕು ಬೆರಳು ಮೇಲೆ, ಸೂಜಿ ಚುಚ್ಚಿದಂಥ ತಗ್ಗುಗಳು.

"ಪೈಪ್ ತಿಂದದ. ಗಾಡಿ ಕುಣಿದಾಗೊಮ್ಮೆ ಈ ತಗ್ಗು ಸೀಲಿನಾಗ ಹಾದು ಹೋಗಿ ರಬ್ಬರ್ ಕೊಯ್ತದ. ನೀವು ನೂರು ಸೀಲ್ ಹಾಕ್ರಿ, ನೂರೂ ಕೊಯ್ತದ."

"ಮಳೆ ನೀರಿಗಾ?"

"ಮಳಿ ಎರಡೂ ಕಡೆ ಬೀಳ್ತದ ಸರ್." ಎಡಗಡೆಯ ಪೈಪಿಗೆ ಉಗುರು ಎಳೆದು ತೋರಿಸಿದ. ಸಪ್ಪಳವಿಲ್ಲ. "ಬಲಗಡೀದರಾಗ ತಗ್ಗು ಮ್ಯಾಲಿಂದ ಒಂದ ಗೆರಿಯಾಗ ಇಳದದ. ಹುಳಿ ಬಿದ್ದದ." ಸರಿಸಿದ್ದ ನಿಂಬೆಹಣ್ಣುಗಳನ್ನು ಬಿಟ್ಟ. ಅವು ತೂಗಿಕೊಂಡು ಬಂದು ಸರಿಯಾಗಿ ಆ ತಗ್ಗುಗಳ ಮೇಲೆ ಕೂತವು. ಆಮೇಲೆ ಅವನು ಕೇಳಿದ: "ಸರ್ ಸಾಲಿಯಾಗ ಏನು ಕಲಸ್ತೀರಿ?"

"ಕನ್ನಡ" ಎಂದೆ.

ಆ ಸುಳ್ಳು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ನಿಂಬೆರಸದಲ್ಲಿ ನೀಲಿ ಲಿಟ್ಮಸ್ ಕೆಂಪಾಗುವುದನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಆಮ್ಲ ಲೋಹವನ್ನು ತಿನ್ನುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ, ತಪ್ಪು ಬರೆದವರಿಗೆ ಬೈಯುತ್ತೇನೆ. ಅದೇ ನಾನು, ದಬ್ಬಳದ ತೂತಿನಿಂದ ರಸ ಒಸರುವ ಹಣ್ಣನ್ನು ಮೂರು ಸಲ ಕೈಯಾರೆ ಬಿಚ್ಚಿ, ಗೂಡಿನಲ್ಲಿ ಭದ್ರವಾಗಿಟ್ಟು, ಮೂರು ಸಲವೂ ಹೊಸ ಸೀಲಿನ ನೆತ್ತಿಯ ಮೇಲೆ ಕಟ್ಟಿದ್ದೆ.

ಹೊಸ ಪೈಪು ಬೇಕು, ತರಿಸಲು ಎರಡು ವಾರ ಹಿಡಿಯುತ್ತದೆ ಎಂದ. ಅಮಾವಾಸ್ಯೆಗೆ ನಾಲ್ಕೇ ದಿನ ಉಳಿದಿತ್ತು. ನನ್ನ ಮುಖ ನೋಡಿ, ಅಲ್ಲಿಯವರೆಗೆ ತಗ್ಗುಗಳಿಗೆ ಎರಡು ಟ್ಯೂಬು ಕಲಸಿ ಮಾಡುವ ಗಟ್ಟಿ ಗೋಂದು ತುಂಬಿ, ಒಣಗಿದ ಮೇಲೆ ನುಣ್ಣನೆಯ ಉಜ್ಜುವ ಕಾಗದದಿಂದ ತಿಕ್ಕಿ ಸಮ ಮಾಡಿದರೆ ಸ್ವಲ್ಪ ದಿನ ತಡೆಯುತ್ತದೆ ಎಂದು ಹೇಳಿಕೊಟ್ಟ. "ಮನ್ಯಾಗ ನೀವ ಮಾಡ್ರಿ. ನಿಮ್ಮ ಕೈ ಕೂತದ" ಎಂದ. ಅದು ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ.

ಮನೆಗೆ ಬಂದವನೇ ದಾರ ಕಿತ್ತು ನಿಂಬೆಹಣ್ಣುಗಳನ್ನು ತಿಪ್ಪೆಗೆ ಎಸೆದೆ. ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ. ಬಿದ್ದದ್ದು ಅವಳು, ಬೀಳಿಸಿದ್ದು ಅವಳದೇ ಹಣ್ಣು. ಮಗ ಉಳಿಯಲಿ ಎಂದು ಕಟ್ಟಿದ್ದು. ಇದನ್ನು ಹೇಗೆ ಹೇಳುವುದು? ಅಪ್ಪ ಟಗರು ಹಿಡಿದ, ಬೋಲ್ಟು ಬಿಚ್ಚಿತು, ಪೈಪು ಹೊರಗೆ ಬಂತು. ತಗ್ಗುಗಳಿಗೆ ಗೋಂದು ತುಂಬಿ ಮರುದಿನ ಸಂಜೆ ತಿಕ್ಕಲು ಕೂತೆ. ಎಲ್ಲ ಸಮವಾಯಿತು ಎಂದೆನಿಸಿದಾಗ ಅಪ್ಪ ಕೈ ಚಾಚಿದ.

ಅವನು ಉಗುರು ಹಚ್ಚಲಿಲ್ಲ. ಕಣ್ಣು ಮುಚ್ಚಿ, ನಡುಬೆರಳಿನ ತುದಿಯನ್ನು ಪೈಪಿನ ಸುತ್ತ ಮೆಲ್ಲಗೆ ಆಡಿಸಿದ, ಕುರಿಯ ಕಿವಿಯ ಹಿಂದೆ ಉಣ್ಣಿ ಹುಡುಕುವ ಹಾಗೆ. "ಇಲ್ಲೊಂದದ" ಎಂದ. ಇನ್ನೊಂದು ಕಡೆ, "ಇಲ್ಲೊಂದು." ನನ್ನ ಕಣ್ಣು, ನನ್ನ ಉಗುರು ಎರಡೂ ಬಿಟ್ಟ ಐದು ತಗ್ಗು ಹುಡುಕಿಕೊಟ್ಟ. ಅವನ್ನೂ ತುಂಬಿ ತಿಕ್ಕಿ, ನಾಲ್ಕನೆಯ ಸೀಲು ಹಾಕಿ ಜೋಡಿಸಿದೆ. ಅಪ್ಪ ತನ್ನ ಬಾಯಿಪಾಠದ ಮಾತನ್ನು ಮಾತ್ರ ಅಂದು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಜಗಳವನ್ನಾದರೂ ಆಡಬಹುದಿತ್ತು.

ಅಮಾವಾಸ್ಯೆಯ ಬೆಳಗ್ಗೆ ಅವ್ವ ಎರಡು ಹೊಸ ನಿಂಬೆಹಣ್ಣು, ದಬ್ಬಳ, ದಾರ ಹಿಡಿದು ಬಂದಳು.

"ಈ ಸಲ ಬ್ಯಾಡಬೇ" ಎಂದೆ.

"ಯಾಕ?"

"ಸುಮ್ಮನ. ಬ್ಯಾಡ."

"ಹಳೇವು ಎಲ್ಲಿ?"

"ಬಿದ್ದು ಹೋದವು."

"ದಾರ ಕಿತ್ತಿದ್ದು ತಿಪ್ಪ್ಯಾಗ ನೋಡೀನಿ ನಾ. ಖರೇ ಹೇಳು."

ಹೇಳಿದೆ. ರಸ ಇಳಿದದ್ದು, ಪೈಪು ತಿಂದದ್ದು, ಸೀಲು ಕೊಯ್ದದ್ದು, ಎಣ್ಣೆ ಹೋದದ್ದು, ಗಬ್ಬೂರಿನ ಉಬ್ಬು. ತರಗತಿಯಲ್ಲಿ ಹೇಳಿದ ಹಾಗೆಯೇ ಒಂದರ ಹಿಂದೆ ಒಂದು ಹೇಳಿದೆ. ಅವಳು ದಬ್ಬಳವನ್ನು ಸೆರಗಿಗೆ ಚುಚ್ಚಿಕೊಂಡು ನಿಂತು ಕೇಳಿದಳು. ಹೆಂಗಸು ಅಳಬಹುದು, ದೇವರ ಸಿಟ್ಟಿನ ಮಾತು ತೆಗೆಯಬಹುದು ಎಂದು ನಾನು ಹೆದರಿದ್ದೆ.

"ನಿಂಬಿಹಣ್ಣು ಕಬ್ಬಿಣ ತಿಂತದಂತ ಸಾಲಿ ಹುಡುಗರಿಗೆ ಹೇಳ್ತಿಯೇನು?"

"ಹೇಳ್ತೀನಿ."

"ಎಷ್ಟ್ ವರ್ಷಾತು ಹೇಳಾಕತ್ತು?"

"ಆರು."

"ಎಲ್ಲಾರ ಮಕ್ಕಳಿಗೂ ಆರು ವರ್ಷ ಹೇಳಿದಿ. ನಿನ್ನ ಕಣ್ಣ ಮುಂದ ತಿಂಗಳಾ ತಿಂಗಳಾ ಕಟ್ಟಾಕತ್ತಿದ್ದೆ. ನನಗೊಂದು ಮಾತು ಹೇಳಾಕ ನಿನ್ನ ಗಂಟೇನು ಹೋಗ್ತಿತ್ತು? ನಾ ಏನು ಬಲಗಡೀನ ಕಟ್ತೀನಂತ ದೇವರಿಗೆ ಬರಕೊಟ್ಟಿದ್ನಾ?"

ನನಗೇ ಹೊಳೆದಿರಲಿಲ್ಲ ಎಂದು ಹೇಳುವುದು ಇನ್ನೂ ಕಷ್ಟವಾಗಿತ್ತು. ಆದರೂ ಹೇಳಿದೆ. "ನನಗೂ ತಿಳೀಲಿಲ್ಲಬೇ. ಮಾನ್ವಿ ಮೆಕ್ಯಾನಿಕ್ ಹೇಳಿದ."

ಅವಳು ಕೈಯಲ್ಲಿದ್ದ ದಾರವನ್ನು ಉಂಡೆ ಸುತ್ತಿದಳು. "ಓದೂದು ಸಾಲ್ಯಾಗ ಬಿಟ್ಟು ಬರ್ತಿ ನೀನು" ಎಂದಳು. ಇದನ್ನು ಬೈಗುಳದ ಧ್ವನಿಯಲ್ಲೇ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಬಾವಿಯಲ್ಲಿ ನೀರು ಕಮ್ಮಿ ಇದೆ ಎಂದು ಹೇಳುವ ಹಾಗೆ ಹೇಳಿದಳು.

ನಿಂಬೆಹಣ್ಣು ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡಳು. ನಾನು ಬಸ್ ನಿಲ್ದಾಣಕ್ಕೆ ಬಿಡಲೇ ಎಂದು ಕೇಳಬೇಕು ಎನ್ನುವಷ್ಟರಲ್ಲಿ, "ತಡೀತದೇನು ಈಗ?" ಎಂದಳು.

"ತಡೀಬೇಕು."

"ಬೇಕು ಅಲ್ಲ. ತಡೀತದೋ ಇಲ್ಲೋ?"

"ಇವತ್ತಿಗೆ ತಡೀತದ. ಎರಡು ವಾರಕ್ಕ ಹೊಸ ಪೈಪ್ ಬರ್ತದ."

"ಕಟ್ಟೀಗೆ ಹಚ್ಚಿ ನಿಂದ್ರಸು."

ಕಟ್ಟೆಗೆ ಹಚ್ಚಿ ನಿಲ್ಲಿಸಿದೆ. ಅಪ್ಪ ರಟ್ಟೆ ಹಿಡಿದ. ಅವ್ವ ಕೂತಳು.

ಗಬ್ಬೂರಿನ ಉಬ್ಬು ಬರುವುದಕ್ಕೆ ಬಹಳ ಮುಂಚೆಯೇ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ನಡೆಯುವವನಿಗಿಂತ ಮೆಲ್ಲಗೆ ಹೋದೆ. ಮುಂಭಾಗ ಇಳಿಯಿತು, ಎದ್ದಿತು. ಹಿಂದಿನ ಚಕ್ರವೂ ದಾಟಿತು. ಮುಷ್ಟಿ ಬಿಡಲಿಲ್ಲ. "ದಾಟಿತಾ?" ಎಂದು ಕೇಳಿದಳು. ಕಣ್ಣು ಮುಚ್ಚಿಕೊಂಡಿದ್ದಳು ಅಂತ ಕಾಣುತ್ತದೆ.

ದೇವಸುಗೂರಿನಲ್ಲಿ ಅವಳು ಗುಡಿಯೊಳಗೆ ಹೋದಾಗ ನಾನು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಲಗಡೆಯ ಪೈಪಿಗೆ ಬೆರಳು ಹಚ್ಚಿದೆ. ಕೂದಲೆಳೆಯಷ್ಟು ಎಣ್ಣೆ ಬಂತು. ನಾಲ್ಕು ಸೀಲು, ಅಷ್ಟು ಭಾನುವಾರ, ಮಾನ್ವಿಯ ದಾರಿ, ಗೋಂದು, ಅಪ್ಪನ ಬೆರಳು, ಎಲ್ಲ ಆದ ಮೇಲೂ ಕೂದಲೆಳೆಯಷ್ಟು. ಗಾಡಿಯನ್ನು ಅಲ್ಲೇ ಕೃಷ್ಣೆಗೆ ನೂಕಿ ಬರೋಣ ಅನ್ನಿಸಿತು. ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ನನ್ನ ಬೆರಳು ನೋಡಿದಳು.

"ಬಂತಾ?"

"ಸ್ವಲ್ಪ ಬಂದದ."

"ಮನಿತನ ಹೋಗ್ತದಾ?"

"ಹೋಗ್ತದ."

ಬಸ್ಸು ಅಲ್ಲೇ ನಿಂತಿತ್ತು, ಅರ್ಧ ಖಾಲಿ. ಅವಳು ಅದನ್ನು ನೋಡಿದಳು. ಆಮೇಲೆ ಒಂದು ಕಲ್ಲಿನ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು, ತಾನೇ ಹತ್ತಿ ಕೂತಳು. ಶಕ್ತಿನಗರ ದಾಟಿದೆವು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಮನ್ಯಾಗ ನಾವು ಮಾಡೂದರಾಗ ಇನ್ನ ಏನೇನು ತಪ್ಪದ, ನಿನಗ ಗೊತ್ತಿದ್ದು? ಈಗ ಹೇಳಕೋತ ನಡಿ. ದಾರಿ ಭಾಳ ಅದ."